‘ಏನ್ ಮಾಡಿದ್ರೂ ಅಷ್ಟೇ ಮೇಡಂ’ ಅನ್ನುವ ರೋಗಿಗೆ ಏನು ಹೇಳುತ್ತೀರಿ?

ಕೇಳಿದವರು: ಮಂಡ್ಯ ಕಡೆಯ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯೆ

ನನ್ನ ಹತ್ತಿರ ಬರುವವರಲ್ಲಿ ಶುಗರ್, ಬಿಪಿಯವರೇ ಜಾಸ್ತಿ. ಹೊಸದಾಗಿ ಕಾಯಿಲೆ ಗೊತ್ತಾದವರು ಹೆದರಿಕೆಗಾದರೂ ಒಂದಷ್ಟು ದಿನ ಪಥ್ಯ ಮಾಡುತ್ತಾರೆ. ಕಷ್ಟ ಇರುವುದು ಹಳಬರ ಜೊತೆ. ವಾಕಿಂಗ್ ಶುರು ಮಾಡಿ ಬಿಟ್ಟವರು, ಅನ್ನ ಬಿಟ್ಟು ಮತ್ತೆ ಹಿಡಿದವರು. ‘ಏನ್ ಮಾಡಿದ್ರೂ ಅಷ್ಟೇ ಮೇಡಂ, ಮಾತ್ರೆ ಬರ್ಕೊಡಿ’ ಅಂತಾರೆ. ಬೈದರೆ ಮುಂದಿನ ತಿಂಗಳು ಬರುವುದೇ ಇಲ್ಲ. ಒಬ್ಬೊಬ್ಬರಿಗೆ ಐದು ನಿಮಿಷ ಸಿಕ್ಕರೆ ಹೆಚ್ಚು. ನಿಮಗೆ ಯಾವುದು ಕೆಲಸಕ್ಕೆ ಬಂದಿದೆ ಹೇಳಿ.

ತಾಲೂಕು ಆಸ್ಪತ್ರೆಯ ಆಪ್ತಸಮಾಲೋಚಕ:

ಐದು ನಿಮಿಷ ಸಾಕು ಮೇಡಂ. ಆದರೆ ಅದರಲ್ಲಿ ನಾಲ್ಕು ನಿಮಿಷ ಅವರು ಮಾತಾಡಬೇಕು.

ನಾನು ಕೇಳುವುದು ಇಷ್ಟೇ: ‘ಸೊನ್ನೆಯಿಂದ ಹತ್ತರೊಳಗೆ ಹೇಳಿ, ಇದೊಂದು ಬದಲಾಯಿಸಬೇಕು ಅಂತ ನಿಮಗೆ ಎಷ್ಟು ಅನ್ಸುತ್ತೆ?’ ಮೂರು ಅಂತಾರೆ. ಆಗ ‘ಬರೀ ಮೂರಾ?’ ಅನ್ನಬಾರದು. ‘ಒಂದು ಅನ್ನದೆ ಮೂರು ಯಾಕಂದ್ರಿ?’ ಅಂತ ಕೇಳಬೇಕು. ‘ಮೊಮ್ಮಗಳ ಮದುವೆ ನೋಡಬೇಕಲ್ಲ’, ‘ಕಣ್ಣು ಮಂಜಾಗ್ತಿದೆ’ ಅಂತ ಕಾರಣ ಅವರ ಬಾಯಿಂದಲೇ ಬರುತ್ತದೆ. ನಾವು ಹೇಳಿದ ಕಾರಣ ಬಾಗಿಲು ದಾಟುವಷ್ಟರಲ್ಲಿ ಮರೆತುಹೋಗುತ್ತದೆ, ಅವರೇ ಹೇಳಿದ್ದು ಉಳಿಯುತ್ತದೆ. ಇದು ನನ್ನ ಸ್ವಂತ ಬುದ್ಧಿಯಲ್ಲ. ವಿಲಿಯಂ ಮಿಲ್ಲರ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞ 1983ರಲ್ಲಿ ಕುಡಿತದ ಚಟ ಇದ್ದವರ ಜೊತೆ ಹೇಗೆ ಮಾತಾಡಬೇಕು ಅಂತ ಬರೆದರು. ಆಮೇಲೆ ಸ್ಟೀಫನ್ ರೋಲ್ನಿಕ್ ಜೊತೆ ಸೇರಿ ಅದನ್ನು ಬೆಳೆಸಿದರು. ಈಗ ಶುಗರ್‌ನವರಿಗೂ ಅದೇ ದಾರಿ ಬಳಸುತ್ತಾರೆ.

ಆಲೆಮನೆಯಲ್ಲಿ ಕೆಲಸ ಮಾಡುವ ಒಬ್ಬ ಯಜಮಾನರು ಬರುತ್ತಿದ್ದರು. ರಾತ್ರಿ ಅನ್ನ ಪೂರ್ತಿ ಬಿಟ್ಟಿದ್ದರು, ಆದರೂ ಶುಗರ್ ಇಳಿದಿರಲಿಲ್ಲ. ‘ಬಾಯಿ ಕಟ್ಟಿದ್ದೇ ಬಂತು’ ಅಂತ ಬೇಜಾರು. ಬೆಳಗಿಂದ ಏನೇನು ಬಾಯಿಗೆ ಹೋಗುತ್ತೆ ಅಂತ ಕೇಳುತ್ತಾ ಹೋದೆ. ಕೊಪ್ಪರಿಗೆ ಹತ್ತಿರ ಪಾಕ ನೋಡುವಾಗ ಬಿಸಿ ಬೆಲ್ಲ ಒಂದು ಚೂರು. ಆರು ಲೋಟ ಟೀ. ‘ಅದೇನ್ ಊಟನಾ ಸಾರ್?’ ಅಂದರು. ಲೋಟಕ್ಕೆ ಎರಡು ಚಮಚ ಅಂದರೆ ಬರೀ ಟೀಯಲ್ಲೇ ಹೆಚ್ಚುಕಡಿಮೆ ಐವತ್ತು ಗ್ರಾಂ ಸಕ್ಕರೆ! ಯಾವುದನ್ನು ಬಿಡಬಹುದು ಅಂತ ಅವರನ್ನೇ ಕೇಳಿದೆ. ಬೆಲ್ಲ ಬಿಡಕ್ಕಾಗಲ್ಲ, ಪಾಕ ನೋಡುವುದೇ ಅವರ ಕೆಲಸ. ಟೀ ಮೂರಕ್ಕೆ ಇಳಿಸ್ತೀನಿ, ಅರ್ಧ ಚಮಚ ಸಾಕು ಅಂದರು. ರಾತ್ರಿ ಒಂದು ಹಿಡಿ ಅನ್ನ ವಾಪಸ್ ಕೊಟ್ಟೆ. ನಗುತ್ತಾ ಹೋದರು. ಮೂರು ತಿಂಗಳ ರಿಪೋರ್ಟ್‌ನಲ್ಲಿ ಶುಗರ್ ಇಳಿದಿತ್ತು.

ನಿವೃತ್ತ ಬಸ್ ಡ್ರೈವರ್, ಶುಗರ್ ಬಂದು ಬಹಳ ವರ್ಷವಾಗಿದೆ:

ನಾನು ರೋಗಿಗಳ ಕಡೆಯವನು. ನಮಗೆ ಯಾಕೆ ಬೇಜಾರಾಗುತ್ತೆ ಅಂತ ಹೇಳಿಬಿಡ್ತೀನಿ. ಹೋದ ಕೂಡಲೇ ‘ಮತ್ತೆ ಜಾಸ್ತಿಯಾಗಿದೆ, ಏನ್ ತಿಂದ್ರಿ?’ ಅನ್ನುತ್ತಾರೆ. ಪೊಲೀಸ್ ಸ್ಟೇಷನ್‌ಗೆ ಬಂದ ಹಾಗಿರುತ್ತೆ. ಕೈಗೊಂದು ಜೆರಾಕ್ಸ್ ಹಾಳೆ ಕೊಡ್ತಾರೆ, ಅದರಲ್ಲಿ ಓಟ್ಸ್, ಆಲಿವ್ ಎಣ್ಣೆ, ಬ್ರೊಕೊಲಿ. ನಮ್ಮೂರ ಸಂತೆಯಲ್ಲಿ ಯಾರು ಮಾರ್ತಾರೆ ಅದನ್ನ?

ನನಗೆ ಧೈರ್ಯ ಬಂದಿದ್ದು ಒಬ್ಬ ಡಾಕ್ಟ್ರ ಮಾತಿಂದ. ವರ್ಷ ಕಳೆದ ಹಾಗೆ ಇನ್ಸುಲಿನ್ ಮಾಡುವ ಶಕ್ತಿ ದೇಹದಲ್ಲೇ ಕಡಿಮೆಯಾಗುತ್ತೆ, ಮಾತ್ರೆ ಹೆಚ್ಚಿಸಿದರೆ ನೀವು ತಪ್ಪು ಮಾಡಿದ್ರಿ ಅಂತ ಅಲ್ಲ ಅಂದರು. ಅಲ್ಲಿವರೆಗೆ ಇನ್ಸುಲಿನ್ ಅಂದರೆ ಶಿಕ್ಷೆ ಅಂದುಕೊಂಡಿದ್ದೆ.

ಇನ್ನೊಂದು, ಊಟ ಆದಮೇಲೆ ಹತ್ತು ನಿಮಿಷ ಬೀದಿಯಲ್ಲಿ ಓಡಾಡಿ ಅಂದರು. ನಂಬಲಿಲ್ಲ. ಮಗ ಶುಗರ್ ನೋಡುವ ಮಿಷನ್ ತಂದುಕೊಟ್ಟಿದ್ದ. ಒಂದಿನ ಊಟ ಮಾಡಿ ಕೂತು, ಎರಡು ಗಂಟೆ ಬಿಟ್ಟು ನೋಡಿದೆ. ಇನ್ನೊಂದಿನ ಅದೇ ಮುದ್ದೆ, ಅದೇ ಸಾರು, ಓಡಾಡಿ ನೋಡಿದೆ. ವ್ಯತ್ಯಾಸ ಕಣ್ಣಿಗೆ ಕಾಣ್ತು. ಆಮೇಲೆ ಯಾರೂ ಹೇಳಬೇಕಾಗಲಿಲ್ಲ. ಮಿಷನ್ ಇದ್ದವರಿಗೆ ಇದನ್ನು ಮಾಡಿಸಿ ಡಾಕ್ಟ್ರೇ. ಚಪ್ಪಲಿ ಹಾಕ್ಕೊಂಡೇ ಓಡಾಡಬೇಕು ಅಂತಲೂ ಹೇಳಿ. ಪಾದ ಜೋಮು ಹಿಡಿದವರಿಗೆ ಮುಳ್ಳು ಚುಚ್ಚಿದ್ದೂ ಗೊತ್ತಾಗಲ್ಲ.

ಮೈಸೂರಿನ ಡಯಟಿಷಿಯನ್:

ಮುದ್ದೆ ಬಗ್ಗೆ ಒಂದು ಮಾತು. ರಾಗಿ ಶುಗರ್‌ಗೆ ಒಳ್ಳೆಯದು ಅಂತ ಕೇಳಿದವರು ಎರಡೆರಡು ದೊಡ್ಡ ಮುದ್ದೆ ನುಂಗುತ್ತಾರೆ. ರಾಗಿಯಲ್ಲಿ ನಾರು ಚೆನ್ನಾಗಿದೆ ನಿಜ. ಆದರೂ ಹಿಟ್ಟಿನ ಮೂರರಲ್ಲಿ ಎರಡು ಭಾಗ ಪಿಷ್ಟವೇ. ಮುದ್ದೆ ಬಿಡಿ ಅನ್ನಬೇಡಿ, ಗಾತ್ರ ಕೇಳಿ. ಮುದ್ದೆ ಸಣ್ಣದಾಗಲಿ, ಬಸ್ಸಾರಿನ ಜೊತೆ ಪಲ್ಯ ದುಪ್ಪಟ್ಟಾಗಲಿ.

ಉಪ್ಪಿಗೆ ನನ್ನದೊಂದು ಲೆಕ್ಕ ಇದೆ. ‘ಉಪ್ಪು ಕಡಿಮೆ ಮಾಡಿ’ ಅಂದರೆ ಎಲ್ಲರೂ ‘ನಾವು ತಿನ್ನೋದೇ ಕಡಿಮೆ’ ಅಂತಾರೆ. ಅದರ ಬದಲು ಒಂದು ಕಿಲೋ ಪ್ಯಾಕೆಟ್ ಎಷ್ಟು ದಿನ ಬರುತ್ತೆ ಅಂತ ಕೇಳಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ. ನಾಲ್ಕು ಜನರ ಮನೆಗೆ ಕಿಲೋ ಉಪ್ಪು ಕಡೇಪಕ್ಷ ಐವತ್ತು ದಿನ ಬರಬೇಕು. ಇಪ್ಪತ್ತೈದು ದಿನಕ್ಕೇ ಮುಗಿದರೆ ಲೆಕ್ಕ ಅವರಿಗೇ ಅರ್ಥವಾಗುತ್ತದೆ. ಉಪ್ಪಿನಕಾಯಿ, ಹಪ್ಪಳ, ಬೇಕರಿ ತಿಂಡಿ ಇದರ ಮೇಲಿನದು. ‘ಲೋ ಸೋಡಿಯಂ’ ಉಪ್ಪು ಮಾತ್ರ ಎಲ್ಲರಿಗೂ ಹೇಳಬೇಡಿ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಕಿಡ್ನಿ ತೊಂದರೆ ಇದ್ದವರಿಗೆ ಅಪಾಯ.

ಇದನ್ನೆಲ್ಲ ಗಂಡಸರಿಗೆ ಹೇಳಿ ಏನು ಪ್ರಯೋಜನ? ಸೌಟು ಹಿಡಿಯುವವರನ್ನು ಜೊತೆಗೆ ಕರೆಸಿ.

ಆಶಾ ಕಾರ್ಯಕರ್ತೆ:

ಅಕ್ಕ ಹೇಳಿದ್ದು ಸರಿ. ಆದರೆ ಸೌಟು ಹಿಡಿಯುವವಳಿಗೇ ಶುಗರ್ ಇದ್ದರೆ? ನಮ್ಮೂರಲ್ಲಿ ಹೆಂಗಸರು ಕೊನೆಗೆ ಉಣ್ಣುತ್ತಾರೆ, ಉಳಿದ ಅನ್ನ ಚೆಲ್ಲಬಾರದು ಅಂತ ಅದನ್ನೂ ತಿಂತಾರೆ. ವಾಕಿಂಗ್ ಹೋಗಿ ಅಂದರೆ ‘ಜನ ನಗ್ತಾರೆ ಕಣಮ್ಮ’ ಅಂತಾರೆ. ಅದಕ್ಕೆ ಡೇರಿಗೆ ಹಾಲು ಹಾಕಕ್ಕೆ ಹೋಗುವ ನಾಲ್ಕು ಜನರನ್ನ ಜೊತೆ ಮಾಡಿದ್ವಿ. ಹಾಲು ಹಾಕಿ ಬರುವಾಗ ಕೆರೆ ಏರಿ ಮೇಲಿಂದ ಸುತ್ತಿ ಬರ್ತಾರೆ. ಕ್ಯಾನ್ ಕೈಲಿದ್ದರೆ ಯಾರೂ ಏನೂ ಕೇಳಲ್ಲ.

ಶನಿವಾರ, ಏಕಾದಶಿ ಅಂತ ಉಪವಾಸ ಮಾಡುವವರನ್ನ ಕೇಳಿ ಮೇಡಂ. ಊಟ ಬಿಟ್ಟು ಮಾತ್ರೆ ಮಾತ್ರ ನುಂಗಿ, ಶುಗರ್ ತೀರಾ ಇಳಿದು ಬೆವರಿ ಬಿದ್ದವರಿದ್ದಾರೆ. ಒಂದು ಸಲ ಹಾಗಾದರೆ ಮಾತ್ರೆ ಮೇಲಿನ ನಂಬಿಕೆಯೇ ಹೋಗುತ್ತೆ.

ಖಾಸಗಿ ಕ್ಲಿನಿಕ್‌ನ ವೈದ್ಯರು:

ಕೇಳೋಕೆ ಚೆನ್ನಾಗಿದೆ. ನಿಜ ಹೇಳಲಾ? ನೂರು ರೋಗಿ ಹೊರಗೆ ನಿಂತಿರುವಾಗ ಟೀ ಲೆಕ್ಕ ಯಾರು ಕೇಳ್ತಾರೆ? ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಬರೆದರೆ ಕೆಲಸ ಆಗುತ್ತೆ.

ಆಪ್ತಸಮಾಲೋಚಕ:

ಮಾತ್ರೆ ಬೇಡ ಅಂತ ಯಾರೂ ಹೇಳಿಲ್ಲ ಡಾಕ್ಟ್ರೇ. ಆದರೆ 2006ರಲ್ಲಿ ಬಂದ ಚೆನ್ನೈ ಅಧ್ಯಯನ ನೋಡಿ. ಶುಗರ್ ಬರುವ ಅಂಚಿನಲ್ಲಿದ್ದವರಿಗೆ ಊಟ, ನಡಿಗೆ ಬದಲಾಯಿಸಿದ್ದರಿಂದ ಅಪಾಯ 28.5 ಶೇಕಡಾ ತಗ್ಗಿತು. ಮೆಟ್‌ಫಾರ್ಮಿನ್‌ನಿಂದ 26.4. ಎರಡೂ ಸೇರಿಸಿದರೂ ಹೆಚ್ಚೇನೂ ಸಿಗಲಿಲ್ಲ. ಅವರಿಗೆ ಕಾಯಿಲೆ ಇನ್ನೂ ಬಂದಿರಲಿಲ್ಲ, ನಮ್ಮ ಹಳಬರ ಕಥೆ ಬೇರೆ, ಒಪ್ಪಿದೆ. ಆದರೂ ಇದು ಸುಮ್ನೆ ಮಾತಲ್ಲ.

ಜಿಲ್ಲಾ ಮಾನಸಿಕ ಆರೋಗ್ಯ ತಂಡದವರು:

ಎಲ್ಲರಿಗೂ ಹುರುಪು ತುಂಬಲು ಹೋಗಬೇಡಿ. ಶುಗರ್ ಇದ್ದವರಲ್ಲಿ ಖಿನ್ನತೆ ಉಳಿದವರಿಗಿಂತ ಸುಮಾರು ಎರಡು ಪಟ್ಟು ಜಾಸ್ತಿ. ‘ಎರಡು ವಾರದಿಂದ ಯಾವುದರಲ್ಲೂ ಮನಸ್ಸಿಲ್ವಾ? ಮನಸ್ಸು ಕುಗ್ಗಿದೆಯಾ?’ ಈ ಎರಡು ಪ್ರಶ್ನೆ ಕೇಳಿ. ಹೌದು ಅಂದರೆ ವಾಕಿಂಗ್ ಮಾತು ಆಮೇಲೆ, ಮೊದಲು ಅದಕ್ಕೆ ಚಿಕಿತ್ಸೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ.

ಕೇಳಿದ ವೈದ್ಯೆ:

ಉಪ್ಪಿನ ಪ್ಯಾಕೆಟ್ ಪ್ರಶ್ನೆ ಸೋಮವಾರದಿಂದಲೇ ಶುರು ಮಾಡ್ತೀನಿ. ಕಡ್ಡಿಪುಡಿ ಹಾಕುವವರಿಗೆ ಏನು ಮಾಡ್ತೀರಿ?

ಆಪ್ತಸಮಾಲೋಚಕ:

ಪೊಟ್ಟಣ ಜೇಬಲ್ಲೇ ಇರುತ್ತದೆ, ತೆಗೆಸಿ. ತಂಬಾಕು ಬಿಡಿಸುವ ಸಹಾಯವಾಣಿ 1800-11-2356, 2018ರಿಂದ ಪೊಟ್ಟಣದ ಮೇಲೇ ಅಚ್ಚಾಗಿರುತ್ತದೆ. ದುಡ್ಡು ಹಿಡಿಯಲ್ಲ. ಮನೆಗೆ ಹೋಗಿ ಮಾಡಿ ಅಂದರೆ ಯಾರೂ ಮಾಡಲ್ಲ. ಬಿಪಿ ನೋಡುವ ಬೆಂಚಿನ ಮೇಲೆ ಕೂರಿಸಿ, ಅವರ ಫೋನಿನಿಂದಲೇ ಮಾಡಿಸಿ.