ಟೋಪೋಶೀಟ್‌ನಲ್ಲಿ 3 ಕಿ.ಮೀ., ನಡೆದರೆ 6.7! ತಪ್ಪು ಎಲ್ಲಿ?

ಚಾರಣಿಗ_ವಿಜಯನಗರ:
ಸರ್ವೆ ಆಫ್ ಇಂಡಿಯಾದ 1:50,000 ಟೋಪೋಶೀಟ್ (ಗುಡ್ಡ, ಕೆರೆ, ದಾರಿ ಎಲ್ಲ ತೋರಿಸೋ ವಿವರವಾದ ನಕ್ಷೆ) ಇಳಿಸಿಕೊಂಡು ಜೆರಾಕ್ಸ್ ಅಂಗಡಿಯಲ್ಲಿ ಎ3 ಹಾಳೆಗೆ ಪ್ರಿಂಟ್ ಹಾಕಿಸಿದೆ. ಮಾಗಡಿ ಕಡೆಯ ಒಂದು ಹಳ್ಳಿಯಿಂದ ಕೆರೆ ಏರಿವರೆಗೆ ಅಳೆದರೆ 6 ಸೆಂ.ಮೀ. ಬಂತು. 1 ಸೆಂ.ಮೀ.ಗೆ 500 ಮೀಟರ್ ಲೆಕ್ಕದಲ್ಲಿ 3 ಕಿ.ಮೀ. ತಾನೇ ಅಂದ್ಕೊಂಡು ಮನೆಯವರನ್ನೂ ಕರ್ಕೊಂಡು ಹೊರಟೆ. ಫೋನ್ 6.7 ತೋರಿಸಿತು. ದಾರಿ ತಪ್ಪಿಲ್ಲ, ಅದು ಖಾತ್ರಿ. ಮನೆಯವರು ಇನ್ನೂ ಸರಿಯಾಗಿ ಮಾತಾಡ್ತಿಲ್ಲ.

ಸುಮ್ನೆ_ಸುತ್ತಾಟ:
ಮರದಡಿ ಫೋನ್ ಜಿಪಿಎಸ್ ಹಾರಾಡುತ್ತೆ ಸಾರ್. ಅದನ್ನ ನಂಬಬೇಡಿ.

ಹಳೇನಕ್ಷೆ:
ಎಷ್ಟೇ ಹಾರಾಡಿದ್ರೂ ದೂರ ದುಪ್ಪಟ್ಟಾಗಲ್ಲ. ನಿಮ್ಮ ಪ್ರಿಂಟಲ್ಲಿ ಅಂಚಿನ ಬರಹ ಬಿಟ್ಟು, ನಕ್ಷೆಯ ಚೌಕಟ್ಟಿನ ಎತ್ತರ ಮಾತ್ರ ಅಳೆದು ಹೇಳಿ.

ಚಾರಣಿಗ_ವಿಜಯನಗರ:
27.5 ಸೆಂ.ಮೀ.

ಹಳೇನಕ್ಷೆ:
ಸಿಕ್ಕಿಬಿತ್ತು. ಈ ಶೀಟ್ ಮೇಲಿಂದ ಕೆಳಗೆ 15 ನಿಮಿಷ ಅಕ್ಷಾಂಶ, ಅಂದ್ರೆ ಕಾಲು ಡಿಗ್ರಿ, ನೆಲದ ಮೇಲೆ ಸುಮಾರು 27.7 ಕಿ.ಮೀ. 1:50,000 ಆಗಿದ್ದರೆ ಹಾಳೆಯಲ್ಲಿ 55 ಸೆಂ.ಮೀ. ಇರಬೇಕಿತ್ತು. ಅಂಗಡಿಯಲ್ಲಿ ‘ಫಿಟ್ ಟು ಪೇಜ್’ ಒತ್ತಿ ಅರ್ಧಕ್ಕೆ ಕುಗ್ಗಿಸಿದ್ದಾರೆ. ಅಂಚಿನಲ್ಲಿ ಏನೇ ಅಚ್ಚಾಗಿರಲಿ, ನಿಮ್ಮ ಕೈಲಿರೋದು ಹೆಚ್ಚುಕಮ್ಮಿ 1:1,00,000. ಅಲ್ಲಿಗೆ 6 ಸೆಂ.ಮೀ. ಅಂದ್ರೆ 6 ಕಿ.ಮೀ.

ಉಳಿದ 700 ಮೀಟರ್ ದಾರಿಯ ತಿರುವುಗಳದ್ದು. ಸ್ಕೇಲ್ ಪಟ್ಟಿ ಇಟ್ಟು ನೇರವಾಗಿ ಅಳೆದಿರ್ತೀರಿ, ನಾನೂ ಮೊದಲು ಹಾಗೇ ಮಾಡ್ತಿದ್ದೆ. ಹೊಲಿಗೆ ದಾರವನ್ನು ದಾರಿ ಬಳುಕಿದಂತೆ ಬಳುಕಿಸಿ ಕೂರಿಸಿ, ಆಮೇಲೆ ಅದನ್ನ ಎಳೆದು ನಕ್ಷೆಯ ಕೆಳಗೆ ಕಿ.ಮೀ. ಗುರುತು ಹಾಕಿರೋ ಗೆರೆಗೆ ಹಿಡೀರಿ. ನಕ್ಷೆ ಕುಗ್ಗಿದರೆ ಆ ಗೆರೆಯೂ ಜೊತೆಗೇ ಕುಗ್ಗುತ್ತೆ, ಹಾಗಾಗಿ ಲೆಕ್ಕ ಕೆಡಲ್ಲ.

ಚಾರಣಿಗ_ವಿಜಯನಗರ:
ಛೇ! ಹಾಗಾದ್ರೆ ಕಾಂಟೂರ್‌ಗಳ (ಒಂದೇ ಎತ್ತರದ ಜಾಗಗಳನ್ನು ಸೇರಿಸೋ ಗೆರೆಗಳ) ನಡುವಿನ 20 ಮೀಟರ್ ಅಂತರ ಈಗ 40 ಆಯ್ತಾ?

ಹಳೇನಕ್ಷೆ:
ಇಲ್ಲ ಮಾರಾಯ್ರೇ, ಅದು ನೆಲದ ಎತ್ತರ. ಹಾಳೆ ಕುಗ್ಗಿದ್ರೆ ಗುಡ್ಡ ಬೆಳೆಯಲ್ಲ. ಗೆರೆಗಳು ಒತ್ತೊತ್ತಾಗಿ ಕಾಣೋದ್ರಿಂದ ಏರು ಇರೋದಕ್ಕಿಂತ ಕಡಿದಾಗಿದೆ ಅನ್ನಿಸುತ್ತೆ, ಅಷ್ಟೇ.

ಹಳೇ ಶೀಟಾದ್ರೆ ಕೆರೆಗಳನ್ನೂ ನೆಚ್ಚಬೇಡಿ. ಧರ್ಮಾಂಬುಧಿ ಕೆರೆ ಹುಡುಕಿ ಹೊರಟವರು ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ನಿಂತಿರ್ತಾರೆ.

ಚಾರಣಿಗ_ವಿಜಯನಗರ:
ನಮ್ಮ ಕೆರೆಯಲ್ಲಿ ನೀರಿತ್ತು, ಪುಣ್ಯ. ಬೇಕಾದ ಭಾಗವನ್ನಷ್ಟೇ ‘ಆಕ್ಚುಯಲ್ ಸೈಜ್’ ಅಂತ ಹೇಳಿ ಮತ್ತೆ ಪ್ರಿಂಟ್ ಹಾಕಿಸಿದೆ. ಅದೇ ದಾರಿ, ಪಟ್ಟಿಯಲ್ಲಿ 12 ಸೆಂ.ಮೀ. ದಾರ ಇಟ್ಟರೆ ಹದಿಮೂರು ದಾಟಿತು.