ಅಪ್‌ಡೇಟ್: ಮೆಟ್ಟಿಲು ಹತ್ತದ, ಮುಟ್ಟಿದರೆ ಗುರ್ರೆನ್ನುವ ಗ್ರೇಹೌಂಡ್

ರೇಸಿನಿಂದ ನಿವೃತ್ತಳಾಗಿ ಆರೈಕೆಯಿಲ್ಲದೆ ಸೊರಗಿದ್ದ ಗ್ರೇಹೌಂಡ್ ತಳಿಯ ನಾಯಿಯೊಂದನ್ನು ಮನೆಗೆ ತಂದ ಮೇಲೆ, ಮಲಗಿದ್ದಾಗ ಮುಟ್ಟಿದರೆ ಗುರ್ರೆನ್ನುತ್ತಾಳೆ, ಮೆಟ್ಟಿಲನ್ನಂತೂ ಹತ್ತುವುದೇ ಇಲ್ಲ, ಏನು ಮಾಡಲಿ ಎಂದು ಹಿಂದೆ ಸಲಹೆ ಕೇಳಿದ್ದೆ. ದೂರದಿಂದಲೇ ಹೆಸರು ಹಿಡಿದು ಕರೆದು, ಅವಳು ತಲೆಯೆತ್ತುವವರೆಗೆ ಕಾಯಿರಿ ಎಂದವರ ಸಲಹೆ ಪೂರ್ತಿ ಫಲಿಸಿತು. ಈ ನಾಯಿಗಳಲ್ಲಿ ಕೆಲವು ಕಣ್ಣು ತೆರೆದೇ ನಿದ್ರಿಸುತ್ತವೆ ಎಂಬುದನ್ನು ಈಗ ಕಣ್ಣಾರೆ ಕಂಡಿದ್ದೇನೆ. ಮೆಟ್ಟಿಲ ಮೇಲೆ ತಿಂಡಿಯಿಟ್ಟು ಆಸೆ ತೋರಿಸಿದ್ದು ಪ್ರಯೋಜನವಾಗಲಿಲ್ಲ, ಪಾಪ, ಹಿಂಗಾಲುಗಳು ಗಡಗಡ ನಡುಗುತ್ತಿದ್ದವು; ಒಂದೊಂದೇ ಪಾದವನ್ನು ಕೈಯಿಂದ ಎತ್ತಿ ಮೇಲಿನ ಮೆಟ್ಟಿಲಿಗಿಟ್ಟು, ಹಿಂದಿನಿಂದ ಆಸರೆ ಕೊಟ್ಟಾಗ ಕಲಿತಳು. ರಕ್ತಪರೀಕ್ಷೆಯಲ್ಲಿ ಥೈರಾಯ್ಡ್ ಕಡಿಮೆ ಬಂದು ಗಾಬರಿಯಾಗಿತ್ತು, ಆದರೆ ಈ ತಳಿಯಲ್ಲಿ ಟಿ4 ಎಂಬ ಥೈರಾಯ್ಡ್ ಹಾರ್ಮೋನಿನ ಪ್ರಮಾಣ ಇತರ ನಾಯಿಗಳಿಗಿಂತ ಕಡಿಮೆಯಿರುವುದೇ ಸಹಜವೆಂದು ವಿವರಿಸಿದ ಪಶುವೈದ್ಯರು ಮಾತ್ರೆ ಬರೆಯಲಿಲ್ಲ. ಹಲ್ಲುಗಳು ಮಾತ್ರ ನಿಜಕ್ಕೂ ಹಾಳಾಗಿವೆ. ಅವುಗಳ ಚಿಕಿತ್ಸೆ ಮುಂದಿನ ವಾರ.