ಮಾಯಾ ಪಿರಮಿಡ್ ನೋಡಿದವರು ಹೇಳಿ: ಚಿಚೆನ್ ಇಟ್ಸಾನೋ, ಟಿಕಾಲೋ?

ಡಲ್ಲಾಸ್ ಕನ್ನಡಿಗ: ಡಿಸೆಂಬರ್‌ನಲ್ಲಿ ಮೈಸೂರಿನಿಂದ ಅಪ್ಪ ಅಮ್ಮ ಬರ್ತಿದ್ದಾರೆ. ಅಮ್ಮನಿಗೆ ಮಂಡಿ ನೋವು. ಹಳೇ ಮಾಯಾ ಜನ ಕಟ್ಟಿದ ಪಿರಮಿಡ್ ತೋರಿಸಲು ಮೆಕ್ಸಿಕೋದ ಚಿಚೆನ್ ಇಟ್ಸಾಗೆ ಕರೆದುಕೊಂಡು ಹೋಗಲೋ, ಗ್ವಾಟೆಮಾಲಾದ ಟಿಕಾಲ್‌ಗೋ? ಹೋಗಿ ಬಂದವರು ಅನುಭವ ಹೇಳಿ.

ಕಾಡುಪ್ರಿಯ: ಟಿಕಾಲ್, ಎರಡು ಮಾತಿಲ್ಲ. ಅಲ್ಲಿನ ನಾಲ್ಕನೇ ದೇವಾಲಯ ಸುಮಾರು 65 ಮೀಟರ್ ಎತ್ತರ, ಪಕ್ಕದಲ್ಲೇ ಮರದ ಮೆಟ್ಟಿಲಿದೆ, ಹತ್ತಬಹುದು. ಮೇಲೆ ಕೂತರೆ ಕಣ್ಣು ಹಾಯಿಸಿದಷ್ಟೂ ಕಾಡು, ನಡುವೆ ಬೇರೆ ದೇವಾಲಯಗಳ ತುದಿ ಮಾತ್ರ. ಕತ್ತಲಲ್ಲಿ ಹೌಲರ್ ಕೋತಿಗಳು ಕೂಗಿದಾಗ ಮಗ ಹುಲಿ ಅಂದುಕೊಂಡು ನನ್ನ ತೋಳು ಬಿಡಲೇ ಇಲ್ಲ. ಟಿಕೆಟ್ 150 ಕೆಟ್ಸಾಲ್ (ಗ್ವಾಟೆಮಾಲಾ ದುಡ್ಡು) ಇತ್ತು. ಸೂರ್ಯೋದಯಕ್ಕೆ ಅಂತ ತಲೆಗೆ ಇನ್ನೂ 100, ಗೈಡ್ ದುಡ್ಡು ಬೇರೆ. ಅವತ್ತು ಪೂರ್ತಿ ಮಂಜು, ಸೂರ್ಯ ಕಾಣಲೇ ಇಲ್ಲ. ಆ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಆದರೂ ಚಿಚೆನ್ ಇಟ್ಸಾದಲ್ಲಿ ಪಿರಮಿಡ್ ಹತ್ತದ ಹಾಗೆ ಕಟ್ಟಿದ ಹಗ್ಗದ ಈಚೆ ನಿಂತು ಫೋಟೋ ಹೊಡೆಯುವುದಕ್ಕಿಂತ ಸಾವಿರ ಪಾಲು ವಾಸಿ.

ಇತಿಹಾಸದ ಮೇಷ್ಟ್ರು: ಹಗ್ಗ ಯಾಕೆ ಕಟ್ಟಿದ್ದಾರೆ ಗೊತ್ತಾ ನಿಮಗೆ? 2006ರಲ್ಲಿ ಒಬ್ಬ ಮಹಿಳೆ ಆ ಕಡಿದಾದ ಮೆಟ್ಟಿಲಿಂದ ಬಿದ್ದು ಸತ್ತರು. ಹತ್ತಿದವರ ಕಾಲಿಗೆ ಕಲ್ಲೂ ಸವೆದಿತ್ತು. ನಿಲ್ಲಿಸಿದ್ದು ಸರಿ. ನಾಲ್ಕು ಕಡೆಯೂ 91 91 ಮೆಟ್ಟಿಲು, ತುದಿಯ ಕಟ್ಟೆ ಸೇರಿಸಿದರೆ 365. ಕೆಳಗೆ ನಿಂತು ಚಪ್ಪಾಳೆ ತಟ್ಟಿದರೆ ಪ್ರತಿಧ್ವನಿ ಹಕ್ಕಿ ಕೂಗಿದ ಹಾಗೆ ಚಿಲ್ ಅಂತ ವಾಪಸ್ ಬರುತ್ತದೆ. ನನ್ನ ಹೆಂಡತಿ ತಟ್ಟಿ ತಟ್ಟಿ ಅಂಗೈ ಕೆಂಪು ಮಾಡಿಕೊಂಡಳು. ಇದಕ್ಕೆಲ್ಲ ಹತ್ತಲೇಬೇಕಾ? ಒಂದು ಬೇಜಾರು: ಈ ಪಿರಮಿಡ್ ಒಳಗೆ ಇನ್ನೊಂದು ಹಳೇ ಪಿರಮಿಡ್ ಇದೆ, ಅದರಲ್ಲಿ ಹಸಿರು ಕಲ್ಲಿನ ಕಣ್ಣಿರುವ ಕೆಂಪು ಜಾಗ್ವಾರ್ ಸಿಂಹಾಸನ. ಅಲ್ಲಿಗೆ ಈಗ ಯಾರನ್ನೂ ಬಿಡುವುದಿಲ್ಲ.

ಕಾಡುಪ್ರಿಯ: ಮೇಷ್ಟ್ರೇ, ಪಾಠ ಬೇಡ. ಟಿಕಾಲ್‌ನಲ್ಲೂ ಒಂದನೇ ದೇವಾಲಯ ಹತ್ತಲು ಬಿಡಲ್ಲ. ಬಿಡುವ ಕಡೆ ಹತ್ತಿದರೆ ತಪ್ಪೇನು?

ಸ್ಟಿಯರಿಂಗ್: ಖರ್ಚಿನ ವಿಷಯ ಯಾರೂ ಹೇಳ್ತಿಲ್ಲ. ಚಿಚೆನ್ ಇಟ್ಸಾಗೆ ಹೋಗಲು ವಿಮಾನ ಇಳಿದ ಕ್ಯಾನ್‌ಕೂನ್‌ನಲ್ಲಿ ಬಾಡಿಗೆ ಕಾರು ಆನ್‌ಲೈನ್‌ನಲ್ಲಿ ಚಿಲ್ಲರೆ ದುಡ್ಡಿಗೆ ಸಿಕ್ಕಿತ್ತು. ಕೌಂಟರ್‌ಗೆ ಹೋದರೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಡ್ಡಾಯ ಅಂತ ಬಾಡಿಗೆಗಿಂತ ಜಾಸ್ತಿ ಕಿತ್ತುಕೊಂಡರು. ಆಮೇಲೆ ಟೋಲ್. ಪಿರಮಿಡ್‌ಗೆ ಎರಡು ಟಿಕೆಟ್: ಒಂದು ಕೇಂದ್ರದ್ದು, ಒಂದು ಯುಕಟಾನ್ ರಾಜ್ಯದ್ದು. 2023ರಲ್ಲಿ ಎರಡೂ ಸೇರಿ ತಲೆಗೆ 614 ಪೆಸೊ. ಆದರೂ ಕಾರೇ ಸರಿ. ಎಂಟಕ್ಕೆ ಗೇಟ್ ತೆಗೆಯುವಾಗ ನಾವೇ ಮೊದಲು. ಬಸ್ಸಿನವರು ಮಟಮಟ ಮಧ್ಯಾಹ್ನ ತಂದು ಇಳಿಸ್ತಾರೆ, ನೆರಳೇ ಇಲ್ಲ.

ಅಮ್ಮನ ಮಗಳು: ಬಸ್ಸಿನವರು ಅಂತ ತಾತ್ಸಾರ ಬೇಡ. ನಾನು ಅಮ್ಮನ್ನ ಬಸ್ಸಲ್ಲೇ ಕರೆದುಕೊಂಡು ಹೋದೆ. ಎಸಿ, ಬಾತ್‌ರೂಮ್ ಎಲ್ಲ ಇತ್ತು. ಅಪರಿಚಿತ ದೇಶದಲ್ಲಿ 200 ಕಿಲೋಮೀಟರ್ ಓಡಿಸುವ ಶೋಕಿ ನನಗಿಲ್ಲ. ನಮ್ಮ ಕಷ್ಟವೆಲ್ಲ ಊಟದ್ದು. ಬುಫೆಯಲ್ಲಿ ಬೀನ್ಸ್ ಪಲ್ಯ ನೋಡಿ ಅಮ್ಮ ಖುಷಿಯಾದರು. ಕೇಳಿದರೆ ಹಂದಿ ಕೊಬ್ಬಲ್ಲಿ ಹುರಿದದ್ದು! ಪಾಪ, ಬರೀ ಮೆಕ್ಕೆಜೋಳದ ರೊಟ್ಟಿ (ಟೋರ್ಟಿಯಾ), ಕಲ್ಲಂಗಡಿ ತಿಂದರು.

ಸ್ಟಿಯರಿಂಗ್: ಶೋಕಿ ಅಲ್ಲ ಮೇಡಂ. ಕಾರಿದ್ದರೆ ಚಪಾತಿ, ಚಟ್ನಿಪುಡಿ ಜೊತೆಗೇ ಇರುತ್ತಿತ್ತು.

ಅಮ್ಮನ ಮಗಳು: ಚಟ್ನಿಪುಡಿ ಬಸ್ಸಲ್ಲೂ ಇತ್ತು ಸರ್. ಚಪಾತಿ ಮಾಡಲು ಹೋಟೆಲ್ ರೂಮಲ್ಲಿ ಒಲೆ ಎಲ್ಲಿಂದ ತರಲಿ?

ವೀಸಾ ಪೀಡಿತ: ನೀವು ಮೆಟ್ಟಿಲು, ಚಟ್ನಿಪುಡಿ ಅಂತ ಜಗಳ ಆಡ್ತಿದ್ದೀರಿ, ನಮ್ಮನ್ನ ವಿಮಾನವೇ ಹತ್ತಿಸಲಿಲ್ಲ. ಪಾಸ್‌ಪೋರ್ಟಲ್ಲಿ ಚಾಲ್ತಿ ಇರುವ ಅಮೆರಿಕ ವೀಸಾ ಇದ್ದರೆ ಮೆಕ್ಸಿಕೋ ವೀಸಾ ಬೇಡ. ನನ್ನ ವೀಸಾ ಸ್ಟಾಂಪ್ ಅವಧಿ ಮುಗಿದಿತ್ತು, ಎಚ್‌ಒನ್‌ಬಿ (ಅಮೆರಿಕದ ಕೆಲಸದ ವೀಸಾ) ಅಪ್ರೂವಲ್ ಕಾಗದ ಮಾತ್ರ ಇತ್ತು. ವಾರದ ಮೊದಲೇ ವಿಮಾನ ಕಂಪನಿಗೆ ಫೋನ್ ಮಾಡಿ ಕೇಳಿದ್ದೆ, ಪರವಾಗಿಲ್ಲ ಬನ್ನಿ ಅಂದಿದ್ದರು. ಕೌಂಟರ್‌ನಲ್ಲಿ ಆಗಲ್ಲ ಅಂದರು. ರೆಸಾರ್ಟ್ ದುಡ್ಡು ಹೋಯಿತು, ಟಿಕೆಟ್ ದುಡ್ಡು ಹೋಯಿತು, ಮಕ್ಕಳು ಏರ್‌ಪೋರ್ಟಲ್ಲೇ ಅತ್ತರು.

ಡಲ್ಲಾಸ್ ಕನ್ನಡಿಗ: ಅಮ್ಮನ ಮಂಡಿ ಬಗ್ಗೆ ಯಾರಾದರೂ ಹೇಳಿ ಪ್ಲೀಸ್.

ಇತಿಹಾಸದ ಮೇಷ್ಟ್ರು: ಚಿಚೆನ್ ಇಟ್ಸಾ ಸಮತಟ್ಟು ನೆಲ, ಆರಾಮಾಗಿ ನಡೆಯಬಹುದು. ಟಿಕಾಲ್‌ನಲ್ಲಿ ಕಾಡುದಾರಿ, ತುಂಬಾ ನಡಿಗೆ. ಕಾಡುಪ್ರಿಯರು ಇದನ್ನು ಮೊದಲೇ ಹೇಳಬೇಕಿತ್ತು.

ಕಾಡುಪ್ರಿಯ: ನನ್ನ ಅತ್ತೆ ನಡೆದರು ಸ್ವಾಮಿ! ಅವರಿಗೂ ಮಂಡಿ ನೋವಿದೆ.